ನಗು ಬರಬೇಕಾದರೆ ಹೆದರಿಕೆ ನಿಜವಾಗಿರಬೇಕು

(ನಟರ ಮೊದಲ ನಿರ್ದೇಶನ ಮತ್ತು ಕಾಮಿಡಿ ಥ್ರಿಲ್ಲರ್ ಬಗ್ಗೆ ಕಲಬುರಗಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನಟರೊಬ್ಬರು ಮೊದಲ ಸಲ ನಿರ್ದೇಶನಕ್ಕೆ ಕೈ ಹಾಕಿದಾಗ ಜನ ಕೇಳೋದು ಒಂದೇ ಮಾತು. ಆರಾಮಾಗಿ ಆಕ್ಟಿಂಗ್ ಮಾಡಿಕೊಂಡಿದ್ದರಲ್ಲ, ಈ ತಲೆನೋವು ಯಾಕೆ ಬೇಕಿತ್ತು ಅಂತ. ನನಗೆ ಬೇರೆ ಕುತೂಹಲ. ನನ್ನ ಕೆಲಸ ಸಂಕಲನ. ಸೆಟ್ಟಿನಲ್ಲಿ ಏನೇ ನಡೆದಿರಲಿ, ಕೊನೆಗೆ ಅದು ನನ್ನಂಥವರ ಟೇಬಲ್ಲಿಗೆ ಬರುತ್ತದೆ. ಅಲ್ಲಿ ಕೂತು ನೋಡಿದರೆ, ನಟರು ತೆಗೆದ ಸಿನಿಮಾದಲ್ಲಿ ಕೆಲವು ಸಂಗತಿ ತುಂಬಾ ಚೆನ್ನಾಗಿ ಬಂದಿರುತ್ತವೆ, ಕೆಲವು ಬಂದೇ ಇರುವುದಿಲ್ಲ. ಆ ಮೊದಲ ಸಿನಿಮಾ ಕಾಮಿಡಿ ಥ್ರಿಲ್ಲರ್ ಆಗಿದ್ದರಂತೂ ಎರಡೂ ಎದ್ದು ಕಾಣುತ್ತವೆ. ಇಲ್ಲಿ ಕೂತವರಲ್ಲಿ ಬಹಳ ಮಂದಿ ನಾಟಕದಲ್ಲಿ ಪಾತ್ರ ಮಾಡಿ, ಈಗ ಕಿರುಚಿತ್ರ ಮಾಡಲು ಹೊರಟವರು. ಹಾಗಾಗಿ ಇದು ನಿಮ್ಮದೇ ವಿಷಯ.

ಇತ್ತೀಚಿನ ಒಂದು ಸಿನಿಮಾದಿಂದ ಶುರು ಮಾಡೋಣ. 2024ರಲ್ಲಿ ‘ಮಡಗಾಂವ್ ಎಕ್ಸ್‌ಪ್ರೆಸ್’ ಅಂತ ಹಿಂದಿ ಸಿನಿಮಾ ಬಂತು. ಕುನಾಲ್ ಖೇಮು ಬರೆದು ನಿರ್ದೇಶಿಸಿದ ಮೊದಲ ಸಿನಿಮಾ ಅದು. 1993ರ ‘ಹಮ್ ಹೈ ರಾಹಿ ಪ್ಯಾರ್ ಕೇ’ಯಲ್ಲಿ ಚಿಕ್ಕ ಹುಡುಗನಾಗಿ ಕಂಡವರು ಅವರು. ಅಂದರೆ ಸೆಟ್ಟಿನಲ್ಲೇ ಬೆಳೆದವರು. ಕಥೆ ಸರಳ. ಮೂವರು ಗೆಳೆಯರು, ಚಿಕ್ಕಂದಿನಿಂದ ಗೋವಾ ನೋಡುವ ಆಸೆ, ಕೊನೆಗೂ ರೈಲು ಹತ್ತುತ್ತಾರೆ. ಬ್ಯಾಗು ಅದಲುಬದಲಾಗುತ್ತದೆ. ಆಮೇಲೆ ಮಾದಕ ವಸ್ತು, ಗ್ಯಾಂಗು, ಓಡಾಟ.

ಬ್ಯಾಗು ಬದಲಾಗೋದು ಹಳೆಯ ಉಪಾಯ, ಅದರಲ್ಲಿ ಹೊಸದೇನಿಲ್ಲ. ನಾನು ಗಮನಿಸಿದ್ದು ಪಾತ್ರಗಳನ್ನು ಹಂಚಿದ ರೀತಿ. ಮೂವರಲ್ಲಿ ಒಬ್ಬರು ಪ್ರತೀಕ್ ಗಾಂಧಿ. 2020ರ ‘ಸ್ಕ್ಯಾಮ್ 1992’ ಸರಣಿಯಲ್ಲಿ ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಆಗಿದ್ದರಲ್ಲ, ಅವರೇ. ಇನ್ನೊಬ್ಬರು ಅವಿನಾಶ್ ತಿವಾರಿ, ‘ಲೈಲಾ ಮಜ್ನೂ’ವಿನಲ್ಲಿ ಹುಚ್ಚು ಪ್ರೇಮಿಯಾಗಿದ್ದವರು. ನಗಿಸುವವರು ಅಂತ ಇಬ್ಬರಿಗೂ ಹೆಸರಿರಲಿಲ್ಲ. ಅಂಥವರನ್ನು ಕಾಮಿಡಿಗೆ ಹಾಕುವ ಧೈರ್ಯ ನಟನಿಗೇ ಬರುತ್ತದೆ ಅಂತ ನನ್ನ ನಂಬಿಕೆ. ಜೊತೆಗೆ ಕೆಲಸ ಮಾಡುವವನಿಗೆ ಇನ್ನೊಬ್ಬ ನಟನಲ್ಲಿ ಏನು ಮಿಕ್ಕಿದೆ, ಯಾವುದನ್ನು ಯಾರೂ ಇನ್ನೂ ಕೇಳಿಲ್ಲ ಅನ್ನೋದು ಗೊತ್ತಿರುತ್ತದೆ. ಹೊರಗಿಂದ ಬಂದ ನಿರ್ದೇಶಕನಿಗೆ ಕಾಣೋದು ಆ ನಟ ಹಿಂದೆ ಮಾಡಿದ ಪಾತ್ರ ಮಾತ್ರ.

ನಟರು ಮೊದಲ ಸಿನಿಮಾಕ್ಕೆ ಕಾಮಿಡಿ ಥ್ರಿಲ್ಲರನ್ನು ಆರಿಸಿಕೊಳ್ಳಲು ದುಡ್ಡಿನ ಕಾರಣವೂ ಇದೆ. ದೊಡ್ಡ ಸ್ಟಾರ್ ಬೇಕಿಲ್ಲ. ಮೂರು ನಾಲ್ಕು ಒಳ್ಳೆಯ ನಟರು, ಒಂದು ಮನೆ, ಒಂದು ವಾಹನ ಇದ್ದರೆ ಸಾಕು. ಅದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಬಜೆಟ್ ಕಮ್ಮಿ ಅಂದ ಮಾತ್ರಕ್ಕೆ ಕೆಲಸ ಸುಲಭ ಅಂತ ಮಾತ್ರ ತಿಳಿಯಬೇಡಿ.

ಕಷ್ಟ ಎಲ್ಲಿದೆ ಅಂತ ಹೇಳುತ್ತೇನೆ. ನಮ್ಮ ಕಡೆ ಜಾತ್ರೆಗೆ ಬರುವ ಕಂಪನಿ ನಾಟಕ ನೆನಪಿಸಿಕೊಳ್ಳಿ. ಅಲ್ಲಿ ಗಂಭೀರ ಕಥೆ ಒಂದು ಕಡೆ, ಹಾಸ್ಯ ಇನ್ನೊಂದು ಕಡೆ. ಖಳನಾಯಕ ಹೆಣ್ಣುಮಗಳನ್ನು ಮನೆಯಿಂದ ಹೊರಗೆ ಹಾಕುತ್ತಾನೆ, ನೀವು ಕಣ್ಣು ಒರೆಸಿಕೊಳ್ಳುತ್ತೀರಿ. ಪರದೆ ಬೀಳುತ್ತದೆ. ಪರದೆ ಮುಂದೆ ಹಾಸ್ಯಗಾರ ಬರುತ್ತಾನೆ, ನೀವು ನಗುತ್ತೀರಿ. ಎರಡೂ ಸರದಿ ಪ್ರಕಾರ ಬರುತ್ತವೆ. ಆ ಪದ್ಧತಿಗೆ ಅದರದೇ ಶಕ್ತಿ ಇದೆ. ನಮ್ಮ ಎಷ್ಟೋ ದೊಡ್ಡ ಹಾಸ್ಯನಟರು ಅಲ್ಲೇ ತಯಾರಾದವರು. ಆದರೆ ಕಾಮಿಡಿ ಥ್ರಿಲ್ಲರ್ ಅಂದರೆ ಸರದಿ ಪದ್ಧತಿ ನಡೆಯುವುದಿಲ್ಲ. ಹೆದರಿಕೆ ಮತ್ತು ನಗು ಒಂದೇ ದೃಶ್ಯದಲ್ಲಿ, ಒಂದೇ ಕ್ಷಣದಲ್ಲಿ ಇರಬೇಕು. ಹೆದರಿದ ಮನುಷ್ಯ ನಿಜವಾಗಿ ಹೆದರಿರಬೇಕು. ಅವನಿಗೆ ತಾನು ಕಾಮಿಡಿ ಸಿನಿಮಾದಲ್ಲಿದ್ದೇನೆ ಅನ್ನೋದು ಗೊತ್ತೇ ಇರಬಾರದು. ನಾನು ಇವತ್ತು ಹೇಳಬೇಕಾಗಿರೋದು ಇಷ್ಟೇ. ಉಳಿದದ್ದೆಲ್ಲ ಇದಕ್ಕೆ ಉದಾಹರಣೆ.

ಅಮೆರಿಕದ ಜೋರ್ಡಾನ್ ಪೀಲ್ ಅವರನ್ನೇ ತಗೊಳ್ಳಿ. 2012ರಿಂದ 2015ರವರೆಗೆ ಟೀವಿಯಲ್ಲಿ ಗೆಳೆಯನ ಜೊತೆ ಐದೈದು ನಿಮಿಷದ ಹಾಸ್ಯದ ತುಣುಕು ಮಾಡುತ್ತಿದ್ದ ನಟ. 2017ರಲ್ಲಿ ಮೊದಲ ಸಲ ನಿರ್ದೇಶನ ಮಾಡಿದರು. ‘ಗೆಟ್ ಔಟ್’. ಸುಮಾರು 45 ಲಕ್ಷ ಡಾಲರಿನಲ್ಲಿ ತೆಗೆದ ಸಿನಿಮಾ ಜಗತ್ತಿನಾದ್ಯಂತ 25 ಕೋಟಿ ಡಾಲರ್ ದಾಟಿತು. ಚಿತ್ರಕಥೆಗೆ ಆಸ್ಕರ್ ಬಂತು. ಅದನ್ನು ಹಾರರ್ ಅನ್ನುವವರಿದ್ದಾರೆ, ಥ್ರಿಲ್ಲರ್ ಅನ್ನುವವರಿದ್ದಾರೆ. ನನಗೆ ಬೇಕಾಗಿರೋದು ಅದರ ಕೊನೆಯ ಎರಡು ನಿಮಿಷ. ನೋಡಿರದವರಿಗೆ ಗುಟ್ಟು ಬಿಟ್ಟುಕೊಡುತ್ತಿದ್ದೇನೆ, ಬೇರೆ ದಾರಿಯಿಲ್ಲ.

ಕ್ರಿಸ್ ಅನ್ನುವ ಕಪ್ಪು ಹುಡುಗ ಬಿಳಿಯ ಗೆಳತಿಯ ಅಪ್ಪ ಅಮ್ಮನ ಮನೆಗೆ ಹೋಗಿ ಸಿಕ್ಕಿಬಿದ್ದಿರುತ್ತಾನೆ. ಕೊನೆಗೆ ಹೇಗೋ ಜೀವ ಉಳಿಸಿಕೊಂಡು ರಸ್ತೆಗೆ ಬರುತ್ತಾನೆ. ಮೈತುಂಬ ರಕ್ತ. ಸುತ್ತ ಹೆಣ. ಅವನ ಕೈ ಕೆಳಗೆ ಬಿಳಿಯ ಹುಡುಗಿ ಬಿದ್ದಿದ್ದಾಳೆ. ಅಷ್ಟರಲ್ಲಿ ಕೆಂಪು ನೀಲಿ ದೀಪ ಮಿನುಗುತ್ತ ಒಂದು ಕಾರು ಬರುತ್ತದೆ. ಥಿಯೇಟರಿನಲ್ಲಿ ಎಲ್ಲರ ಎದೆ ಧಸಕ್ಕೆನ್ನುತ್ತದೆ. ಯಾಕೆ? ಆ ದೇಶದಲ್ಲಿ ಪೊಲೀಸರು ಈ ನೋಟ ಕಂಡರೆ ಯಾರನ್ನು ಅಪರಾಧಿ ಅಂದುಕೊಳ್ಳುತ್ತಾರೆ ಅಂತ ನೋಡುವವರಿಗೆ ಗೊತ್ತು. ಹುಡುಗ ಕೈ ಎತ್ತುತ್ತಾನೆ. ಕಾರಿನ ಬಾಗಿಲು ತೆರೆಯುತ್ತದೆ. ಬಾಗಿಲ ಮೇಲೆ ‘ಏರ್‌ಪೋರ್ಟ್’ ಅಂತ ಬರೆದಿದೆ. ಇಳಿಯುವವನು ವಿಮಾನ ನಿಲ್ದಾಣದಲ್ಲಿ ತಪಾಸಣೆ ಕೆಲಸ ಮಾಡುವ ಅವನ ಗೆಳೆಯ. ಇಡೀ ಸಿನಿಮಾದಲ್ಲಿ ಫೋನಿನಲ್ಲಿ ‘ಆ ಮನೆಗೆ ಹೋಗಬೇಡ ಕಣೋ’ ಅಂತ ಬಡಕೊಂಡವನು. ಥಿಯೇಟರ್ ನಗುತ್ತದೆ, ಚಪ್ಪಾಳೆ ಹೊಡೆಯುತ್ತದೆ, ಕೆಲವರು ಅಳುತ್ತಾರೆ.

ಮೊದಲು ತೆಗೆದ ಕೊನೆ ಬೇರೆ ಇತ್ತು. ಅದರಲ್ಲಿ ನಿಜವಾದ ಪೊಲೀಸರೇ ಬಂದು ಹುಡುಗನನ್ನು ಜೈಲಿಗೆ ಹಾಕುತ್ತಾರೆ. ಪೀಲ್ ಅದನ್ನು ಬದಲಿಸಿದರು. ಹೊಸ ಕೊನೆಯಲ್ಲಿ ಹೆದರಿಕೆಯನ್ನು ಒಂದಿಷ್ಟೂ ಕಮ್ಮಿ ಮಾಡಲಿಲ್ಲ ನೋಡಿ. ದೀಪ ಮಿನುಗುವ ಆ ಕೆಲವು ಸೆಕೆಂಡು ಪೂರ್ತಿ ನಿಜ. ಗೆಳೆಯ ಇಳಿದಾಗ ಬರುವ ನಗು ಆ ನಿಜದ ಮೇಲೆ ನಿಂತಿದೆ. ಮೊದಲೇ ‘ಹೆದರಬೇಡಿ, ಇದು ತಮಾಷೆ’ ಅಂತ ಸಂಗೀತದಲ್ಲೋ ಮುಖಭಾವದಲ್ಲೋ ಸೂಚನೆ ಕೊಟ್ಟಿದ್ದರೆ ಆ ನಗು ಬರುತ್ತಲೇ ಇರಲಿಲ್ಲ. ಹೊಸ ನಿರ್ದೇಶಕರು ಜಾಸ್ತಿ ಎಡವುವುದು ಇಲ್ಲೇ. ಪ್ರೇಕ್ಷಕ ನಗದೇ ಹೋದರೆ ಅನ್ನುವ ಭಯಕ್ಕೆ ‘ಟೊಯ್ಞ್’ ಅಂತ ಒಂದು ಸದ್ದು ಹಾಕುತ್ತಾರೆ. ದಯವಿಟ್ಟು ಆ ಸದ್ದು ಹಾಕಬೇಡಿ. ಅದು ನಿಮ್ಮ ನಟನಿಗೂ, ನಿಮ್ಮ ಪ್ರೇಕ್ಷಕರಿಗೂ ಮಾಡುವ ಅವಮಾನ.

ಕನ್ನಡದಲ್ಲಿ ಇದಕ್ಕೆ ಹಳೆಯ ಬೇರು ಇದೆ. ಶಂಕರ್ ನಾಗ್. ಮುಂಬೈಯಲ್ಲಿ ಮರಾಠಿ ರಂಗಭೂಮಿಯಲ್ಲಿದ್ದವರು. 1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಮೂಲಕ ಸಿನಿಮಾ ನಟರಾದರು. ಎರಡೇ ವರ್ಷಕ್ಕೆ, 1980ರಲ್ಲಿ, ‘ಮಿಂಚಿನ ಓಟ’ ನಿರ್ದೇಶಿಸಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಕಾರು ಕದಿಯುವವರ ಕಥೆ. ಅನಂತ್ ನಾಗ್, ಶಂಕರ್ ನಾಗ್, ಲೋಕನಾಥ್, ಮೂವರು ಕಳ್ಳರು. ಅದನ್ನು ಪೂರ್ತಿ ಕಾಮಿಡಿ ಥ್ರಿಲ್ಲರ್ ಅಂತ ನಾನು ಕರೆಯುವುದಿಲ್ಲ. ಆದರೆ ನಾನು ಹೇಳುತ್ತಿರುವ ಗುಣದ ಬೀಜ ಅಲ್ಲಿದೆ. ಲೋಕನಾಥ್ ಅವರ ಪಾತ್ರದ ಹೆಸರು ಕಟ್ಟೆ. ಇಬ್ಬರು ಬಿಸಿರಕ್ತದ ಹುಡುಗರ ನಡುವೆ ವಯಸ್ಸಾದ ಒಬ್ಬ ಮನುಷ್ಯ. ಅವರು ನಗಿಸಲು ಪ್ರಯತ್ನವನ್ನೇ ಮಾಡುವುದಿಲ್ಲ. ತಮ್ಮ ಕೆಲಸ ತಾವು ಮಾಡಿಕೊಂಡಿರುತ್ತಾರೆ. ಮೂವರ ನಡುವೆ ಒಂದು ಪ್ರೀತಿ ಬೆಳೆಯುತ್ತದಲ್ಲ, ಅದರಿಂದಲೇ ನಮಗೆ ನಗು ಬರುತ್ತದೆ. ಅದರಿಂದಲೇ ಇವರಿಗೇನಾದರೂ ಆದರೆ ಅಂತ ಭಯವೂ ಆಗುತ್ತದೆ. ಎರಡಕ್ಕೂ ಮೂಲ ಒಂದೇ.

ಲೋಕನಾಥ್ ಬಗ್ಗೆ ಇನ್ನೊಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1974ರ ‘ಭೂತಯ್ಯನ ಮಗ ಅಯ್ಯು’ವಿನ ಉಪ್ಪಿನಕಾಯಿ ದೃಶ್ಯ ನಿಮ್ಮ ಮನೆಯ ಹಿರಿಯರಿಗೆ ಇವತ್ತಿಗೂ ನೆನಪಿರುತ್ತದೆ. ಕೇಳಿ ನೋಡಿ. ಆ ಮನುಷ್ಯ ಅಲ್ಲಿ ನಗಿಸುತ್ತಿಲ್ಲ, ಸುಮ್ನೆ ಊಟದ ಆಸೆಯಲ್ಲಿ ಮುಳುಗಿದ್ದಾನೆ. ಇಂಥ ನಟರನ್ನು ಗುರುತಿಸಿ ಜೊತೆಗೆ ಇಟ್ಟುಕೊಂಡದ್ದು ಶಂಕರ್ ನಾಗ್ ಅವರ ನಟನ ಕಣ್ಣು.

ಈಗ ಬೇರೆಯವರ ಸಿನಿಮಾ ಸಾಕು. ನಮ್ಮದೇ ಊರಿನಲ್ಲಿ ಒಂದು ದೃಶ್ಯ ಕಟ್ಟೋಣ. ಬ್ಯಾಗು ಬದಲಾಗುವ ಹಳೆಯ ಉಪಾಯವನ್ನೇ ಇಟ್ಟುಕೊಳ್ಳೋಣ, ಯಾಕೆಂದರೆ ಅದರಲ್ಲಿ ಕಲಿಯಲು ತುಂಬಾ ಇದೆ.

ಸೊಲ್ಲಾಪುರ ಕಡೆಯಿಂದ ಬಂದು ವಾಡಿ ಕಡೆ ಹೋಗುವ ಒಂದು ಪ್ಯಾಸೆಂಜರ್ ರೈಲು. ಕಲಬುರಗಿ ಸ್ಟೇಷನ್ನಿನಲ್ಲಿ ನೂಕುನುಗ್ಗಲು. ಒಬ್ಬ ಹುಡುಗ ಹತ್ತುತ್ತಾನೆ. ಫೈನಾನ್ಸಿನ ಕಂತು ವಸೂಲಿ ಮಾಡಿದ ದುಡ್ಡು ಅವನ ಹತ್ತಿರ ಇದೆ. ಯಾರಿಗೂ ಅನುಮಾನ ಬರಬಾರದು ಅಂತ ಬಟ್ಟೆ ಅಂಗಡಿಯವರು ಕೊಡುವ ಕೈಚೀಲದಲ್ಲಿ ಹಾಕಿ, ಬಾಯಿಗೆ ಗಂಟು ಹಾಕಿದ್ದಾನೆ. ಎದುರಿಗೆ ಒಬ್ಬ ಮುತ್ಯಾ, ಅಂದರೆ ಅಜ್ಜ. ಅವರ ಹತ್ತಿರವೂ ಅದೇ ಅಂಗಡಿಯ ಅದೇ ಚೀಲ. ಅದರಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ನೂಕಾಟದಲ್ಲಿ ಚೀಲ ಅದಲುಬದಲಾಗುತ್ತದೆ. ದುಡ್ಡಿನ ಚೀಲ ಮುತ್ಯಾನ ತೊಡೆಯ ಮೇಲೆ. ರೊಟ್ಟಿ ಚೀಲ ಹುಡುಗನ ಕಾಲ ಬಳಿ. ಹುಡುಗನಿಗೆ ಚೀಲ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ, ಒಳಗೆ ರೊಟ್ಟಿ ಪಟಪಟ ಅಂದದ್ದಕ್ಕೆ. ‘ಮುತ್ಯಾ, ನನ್ನ ಚೀಲ’ ಅಂತ ಬಾಯಿ ತೆರೆಯಬೇಕು, ಅಷ್ಟರಲ್ಲಿ ಕಾಣುತ್ತದೆ. ಮುತ್ಯಾನ ಪಕ್ಕದಲ್ಲಿ ಕೂತವನು ಸ್ಟೇಷನ್ ಹೊರಗಿಂದ ತನ್ನ ಬೆನ್ನು ಹತ್ತಿ ಬಂದವನು. ಅವನ ಕಣ್ಣು ಹುಡುಗನ ಕಾಲ ಬಳಿಯ ಚೀಲದ ಮೇಲಿದೆ. ಅಂದರೆ ರೊಟ್ಟಿಯ ಮೇಲೆ.

ಈಗ ಯಾರಿಗೆ ಏನು ಗೊತ್ತು ಅಂತ ನೋಡಿ. ಹುಡುಗನಿಗೆ ಎಲ್ಲಾ ಗೊತ್ತು. ಪ್ರೇಕ್ಷಕರಿಗೂ ಗೊತ್ತು. ಬೆನ್ನು ಹತ್ತಿದವನಿಗೆ ಅರ್ಧ ಗೊತ್ತು, ಅದೂ ತಪ್ಪು. ಮುತ್ಯಾನಿಗೆ ಏನೂ ಗೊತ್ತಿಲ್ಲ. ಚೀಲ ಬದಲಾದದ್ದೇ ಹುಡುಗನಿಗೆ ರಕ್ಷಣೆ. ಅದು ತೆರೆಯದೇ ಇದ್ದರೆ ಬದುಕಿದ. ಆದರೆ ಮುತ್ಯಾ ಒಳ್ಳೆಯ ಮನುಷ್ಯ. ಎದುರಿಗೆ ಕೂತ ಹುಡುಗನ ಮುಖ ಬಾಡಿದ್ದು ಅವರಿಗೆ ಕಾಣುತ್ತದೆ.

‘ತಮ್ಮಾ, ಮುಂಜಾನಿಂದ ಏನೂ ತಿಂದಂಗ ಕಾಣಲ್ಲ ನೀ. ತಡಿ, ರೊಟ್ಟಿ ಕೊಡ್ತೀನಿ.’

‘ಬ್ಯಾಡ ಮುತ್ಯಾ, ಹಸಿವಿಲ್ರಿ.’

‘ಹಸಿವಿಲ್ಲಂದ್ರ ಏನಾತು, ಒಂದ್ ತಿನ್ನು. ನಮ್ಮಾಕಿ ಕಟ್ಟ್ಯಾಳ.’

ಕೈ ಗಂಟಿಗೆ ಹೋಗುತ್ತದೆ. ಟಿ.ಸಿ. ಬರುತ್ತಾನೆ, ಕೈ ನಿಲ್ಲುತ್ತದೆ. ಟಿಕೆಟ್ ತೋರಿಸಿದ್ದಾಯಿತು, ಮತ್ತೆ ಕೈ ಗಂಟಿಗೆ. ಚಹಾದವನು ಬರುತ್ತಾನೆ. ಹುಡುಗ ತಾನೇ ದುಡ್ಡು ಕೊಟ್ಟು ಮುತ್ಯಾನ ಕೈಯಲ್ಲಿ ಚಹಾದ ಕಪ್ಪು ಹಿಡಿಸುತ್ತಾನೆ, ಕೈಗೆ ಬಿಡುವಿಲ್ಲದಂತೆ. ಚಹಾ ಮುಗಿಯುತ್ತದೆ. ಮೂರನೇ ಸಲ ಮುತ್ಯಾ ಗಂಟು ಬಿಚ್ಚಲು ನೋಡುತ್ತಾರೆ, ಬಿಗಿಯಾಗಿದೆ, ಬೆರಳಿಗೆ ಸಿಗುತ್ತಿಲ್ಲ. ಆಗ ಪಕ್ಕದಲ್ಲಿ ಕೂತ ಆ ಮನುಷ್ಯನ ತೊಡೆಯ ಮೇಲೆ ಚೀಲ ಇಟ್ಟು ಹೇಳುತ್ತಾರೆ. ‘ನಿನ್ನ ಉಗುರು ಉದ್ದ ಅದಾವ. ಇದನ್ನ ಜರಾ ಬಿಚ್ಚು ತಮ್ಮಾ.’

ನೀವು ಈಗ ನಕ್ಕಿರಿ. ಯಾರನ್ನು ನೋಡಿ ನಕ್ಕಿರಿ? ಮುತ್ಯಾನನ್ನು ಅಲ್ಲ. ಅವರು ಬರೀ ಪ್ರೀತಿ ತೋರಿಸುತ್ತಿದ್ದಾರೆ. ಹುಡುಗನನ್ನೂ ಅಲ್ಲ, ಅವನ ಜೀವ ಬಾಯಿಗೆ ಬಂದಿದೆ. ಆ ಪರಿಸ್ಥಿತಿ ನಿಮ್ಮನ್ನು ನಗಿಸಿತು. ಅದೇ ಹೊತ್ತಿಗೆ ನಿಮ್ಮಲ್ಲೂ ಒಂದು ಸಣ್ಣ ಹೆದರಿಕೆ ಇತ್ತು, ಅಲ್ವಾ? ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಬಾಂಬಿನ ಉದಾಹರಣೆ ಕೊಟ್ಟು ಇದನ್ನೇ ವಿವರಿಸಿದ್ದರು. ಮೇಜಿನ ಕೆಳಗೆ ಬಾಂಬು ಇರುವುದು ಪ್ರೇಕ್ಷಕನಿಗೆ ಗೊತ್ತಿಲ್ಲದಿದ್ದರೆ ಅದು ಸಿಡಿದಾಗ ಕೆಲವು ಸೆಕೆಂಡಿನ ಬೆಚ್ಚಿಬೀಳುವಿಕೆ. ಗೊತ್ತಿದ್ದರೆ ಹದಿನೈದು ನಿಮಿಷದ ತಳಮಳ. ನಮ್ಮ ದೃಶ್ಯದಲ್ಲಿ ಚೀಲ ಬದಲಾದದ್ದನ್ನು ಮುಚ್ಚಿಟ್ಟು, ಮುತ್ಯಾ ತೆರೆದಾಗ ಒಮ್ಮೆಲೇ ನೋಟಿನ ಕಂತೆ ತೋರಿಸಿದರೆ ಒಂದು ‘ಆ!’ ಸಿಗುತ್ತದೆ, ಅಷ್ಟೇ. ಮೊದಲೇ ತೋರಿಸಿದರೆ ವಾಡಿಗಿಂತ ಮುಂಚೆ ಸಿಗುವ ಶಹಾಬಾದ್ ಬರುವವರೆಗೂ ನೀವು ಸೀಟಿನ ತುದಿಯಲ್ಲಿ ಕೂತಿರುತ್ತೀರಿ.

ಇದನ್ನು ಒಬ್ಬ ನಟ ನಿರ್ದೇಶಿಸಿದರೆ ಏನು ಚೆನ್ನಾಗಿ ಬರುತ್ತದೆ? ಮುತ್ಯಾ ಚೆನ್ನಾಗಿ ಬರುತ್ತಾರೆ. ಆ ಪಾತ್ರಕ್ಕೆ ಸರಿಯಾದ ಮನುಷ್ಯನನ್ನು ಅವನು ಹುಡುಕುತ್ತಾನೆ. ‘ನಗಿಸಬೇಡಿ, ನಿಜವಾಗಿ ಹಸಿದ ಹುಡುಗ ಅಂದುಕೊಂಡು ರೊಟ್ಟಿ ಕೊಡಿ’ ಅಂತ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ. ಟಿ.ಸಿ. ಪಾತ್ರದವನಿಗೂ ಮಾಡಲು ಏನಾದರೂ ಒಂದು ಕೆಲಸ ಕೊಟ್ಟಿರುತ್ತಾನೆ. ಎರಡು ಮಾತಿನ ಪಾತ್ರ ಮಾಡಿ ಮನೆಗೆ ಹೋದ ನೋವು ಅವನಿಗೆ ಗೊತ್ತಿರುತ್ತದೆ. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನಟರು ಮಾಡಿದ ಸಿನಿಮಾದಲ್ಲಿ ಸಣ್ಣ ಪಾತ್ರಗಳು ಬದುಕಿರುತ್ತವೆ.

ಏನು ಬರುವುದಿಲ್ಲ? ಬೋಗಿ ಬರುವುದಿಲ್ಲ. ಯಾರು ಎಲ್ಲಿ ಕೂತಿದ್ದಾರೆ, ಬಾಗಿಲು ಯಾವ ಕಡೆ, ಚೀಲ ಯಾರಿಗೆ ಎಷ್ಟು ದೂರ, ಒಂದೂ ಸಿಗುವುದಿಲ್ಲ. ನನ್ನ ಟೇಬಲ್ಲಿಗೆ ಬರುವುದು ಬರೀ ಮುಖ. ಹುಡುಗನ ಮುಖ, ಮುತ್ಯಾನ ಮುಖ, ಕಳ್ಳನ ಮುಖ, ಮತ್ತೆ ಹುಡುಗನ ಮುಖ. ಎಲ್ಲ ಒಳ್ಳೆಯ ನಟನೆಯೇ. ಆದರೆ ಥ್ರಿಲ್ಲರ್ ನಿಲ್ಲುವುದು ಜಾಗದ ಮೇಲೆ. ಕೈಯಿಂದ ಗಂಟಿಗೆ ಎಷ್ಟು ಅಂತರ ಅಂತ ಕಣ್ಣಿಗೆ ಕಾಣದಿದ್ದರೆ ಭಯ ಹುಟ್ಟುವುದಿಲ್ಲ. ಹಾಗಾಗಿ ನಿಮ್ಮ ಮೊದಲ ದಿನದ ಮೊದಲ ಶಾಟು ಇಡೀ ಜಾಗ ತೋರಿಸುವ ವೈಡ್ ಇರಲಿ. ಆಮೇಲೆ ಗಂಟಿನ ಒಂದು ಹತ್ತಿರದ ಶಾಟ್, ಕೈಯ ಒಂದು ಶಾಟ್, ಹುಡುಗನ ಕಡೆಯಿಂದ ಕಾಣುವಂತೆ ಕಳ್ಳನ ಒಂದು ಶಾಟ್. ಮುಖ ಕೊನೆಗೆ ತೆಗೆಯಿರಿ. ಶೂಟಿಂಗ್ ಅರ್ಧಕ್ಕೆ ನಿಂತು, ಬೆಳಕು ಹೋದರೂ ನಿಮ್ಮ ಸಂಕಲನಕಾರ ದೃಶ್ಯ ಉಳಿಸಬಲ್ಲ. ಬರೀ ಮುಖ ಕೊಟ್ಟರೆ ಯಾರಿಂದಲೂ ಆಗುವುದಿಲ್ಲ.

ಜಾಗದ ಮಾತು ಬಂದಾಗ ಒಂದು ಪಕ್ಕದ ಮಾತು. ನಮ್ಮ ಊರಲ್ಲಿ ಸಿನಿಮಾ ತೆಗೆಯುವವರಿಗೆ ಕೋಟೆಯ ಒಳಗಿನ ಜಾಮಿ ಮಸೀದಿಯ ಕಮಾನು ಕಂಡರೆ ಬಿಡಲು ಮನಸ್ಸಾಗುವುದಿಲ್ಲ. 1367ರ ಕಟ್ಟಡ. ಎಲ್ಲಿ ನಿಂತು ನೋಡಿದರೂ ಸಾಲು ಸಾಲು ಕಮಾನು. ನನಗೂ ಅದರ ಮೇಲೆ ಪ್ರೀತಿ ಇದೆ. ಆದರೆ ಅದು ಪುರಾತತ್ವ ಇಲಾಖೆ ಕಾಪಾಡುವ ಜಾಗ, ಅನುಮತಿ ಬೇಕು. ಅನುಮತಿ ಸಿಕ್ಕರೂ, ಕಥೆಗೆ ಕೆಲಸವಿಲ್ಲದೆ ಅಲ್ಲಿಗೆ ಹೋದರೆ ಥ್ರಿಲ್ಲರ್ ನಿಂತು ಪ್ರವಾಸದ ವಿಡಿಯೊ ಶುರುವಾಗುತ್ತದೆ.

ನಮ್ಮಲ್ಲಿ ಇರುವ, ಬೇರೆ ಊರಿಗೆ ಸಿಗದ ಒಂದು ವಸ್ತು ಇದೆ. ಬಿಸಿಲು. ಥ್ರಿಲ್ಲರ್ ಅಂದ ಕೂಡಲೇ ಎಲ್ಲರೂ ರಾತ್ರಿ, ಮಳೆ, ಖಾಲಿ ಓಣಿ ಅನ್ನುತ್ತಾರೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆ ನೋಡಿ. 40 ಡಿಗ್ರಿ ದಾಟಿರುತ್ತದೆ. ಅಂಗಡಿ ಶೆಟರ್ ಅರ್ಧ ಇಳಿದಿರುತ್ತದೆ. ರಸ್ತೆಯಲ್ಲಿ ನಾಯಿ ಕೂಡ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಹಿಂದೆ ಹೆಜ್ಜೆ ಸಪ್ಪಳ ಕೇಳಿದರೆ ಮಧ್ಯರಾತ್ರಿಗಿಂತ ಜಾಸ್ತಿ ಭಯ. ಯಾಕೆಂದರೆ ಅಡಗಲು ಕತ್ತಲೆಯೇ ಇಲ್ಲ. ಅದರಲ್ಲೇ ನಗುವೂ ಇದೆ. ಓಡುವವನಿಗೂ ದಣಿವು, ಅಟ್ಟಿಸಿಕೊಂಡು ಬರುವವನಿಗೂ ದಣಿವು. ಇಬ್ಬರೂ ಒಂದೇ ಬೇವಿನ ಮರದ ನೆರಳಿನಲ್ಲಿ ನಿಂತು ಉಸಿರು ಬಿಡಬೇಕಾದೀತು. ಕ್ಯಾಮೆರಾ ಹಿಡಿಯುವವರಿಗೆ ಒಂದು ಎಚ್ಚರಿಕೆ: ನೆತ್ತಿಯ ಸೂರ್ಯ ಕಣ್ಣಿನ ಕೆಳಗೆ ಕಪ್ಪು ಗುಳಿ ಮಾಡುತ್ತಾನೆ. ಮುಖದ ಶಾಟನ್ನು ನೆರಳಿನಲ್ಲಿ ತೆಗೆದುಕೊಳ್ಳಿ. ದೂರದ ಶಾಟಿಗೆ ಆ ಬಿಳಿಚಿದ ಆಕಾಶ ಹಾಗೇ ಇರಲಿ. ಅದೇ ನಮ್ಮ ಬಣ್ಣ.

ನಾಟಕದಿಂದ ಬಂದವರಿಗೆ ಮುಖ್ಯವಾದ ಒಂದು ವಿಷಯ ಈಗ. ರಂಗದ ಮೇಲೆ ಜನ ನಕ್ಕರೆ ನೀವು ನಿಲ್ಲುತ್ತೀರಿ. ನಗು ಇಳಿಯುವವರೆಗೆ ಕಾದು ಮುಂದಿನ ಮಾತು ಹೇಳುತ್ತೀರಿ. ಇದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ, ಮೈಗೆ ಬಂದಿರುತ್ತದೆ. ಸಿನಿಮಾ ಕಾಯುವುದಿಲ್ಲ. ಸೆಕೆಂಡಿಗೆ 24 ಫ್ರೇಮು ಓಡುತ್ತಲೇ ಇರುತ್ತದೆ. ಉಗುರಿನ ಮಾತಿಗೆ ತುಂಬಿದ ಥಿಯೇಟರು ಮೂರು ನಾಲ್ಕು ಸೆಕೆಂಡು ಜೋರಾಗಿ ನಗಬಹುದು. ಅದರ ಬೆನ್ನಿಗೇ ನೀವು ಕಥೆಯ ಸುಳಿವಿನ ಮಾತು ಇಟ್ಟಿದ್ದರೆ, ಉದಾಹರಣೆಗೆ ಕಳ್ಳನ ಫೋನಿನಲ್ಲಿ ‘ವಾಡ್ಯಾಗ ಇಳಿ, ಅಲ್ಲೇ ಕಾಯ್ಲತ್ತೀವಿ’ ಅನ್ನೋ ದನಿ, ಅದು ನಗುವಿನಲ್ಲಿ ಮುಳುಗಿಹೋಗುತ್ತದೆ. ಹತ್ತು ನಿಮಿಷದ ನಂತರ ಪ್ರೇಕ್ಷಕ ‘ಇವರೆಲ್ಲ ಯಾಕೆ ವಾಡಿಯಲ್ಲಿ ನಿಂತಿದ್ದಾರೆ?’ ಅಂತ ಪಕ್ಕದವನನ್ನು ಕೇಳುತ್ತಾನೆ. ಅಲ್ಲಿಗೆ ನಿಮ್ಮ ಥ್ರಿಲ್ಲರ್ ಸತ್ತಿತು.

ಹಾಗಂತ ನಗುವಿಗಾಗಿ ಖಾಲಿ ಜಾಗ ಬಿಟ್ಟರೆ ಇನ್ನೊಂದು ಕಷ್ಟ. ಇವತ್ತು ಬಹಳ ಜನ ಸಿನಿಮಾ ನೋಡುವುದು ಮೊಬೈಲಿನಲ್ಲಿ, ಒಬ್ಬರೇ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು. ಒಬ್ಬನೇ ನೋಡುವವನು ಅಷ್ಟು ಜೋರಾಗಿ ನಗುವುದಿಲ್ಲ. ಅವನಿಗೆ ಆ ಖಾಲಿ ಜಾಗ ಎಳೆದ ಹಾಗೆ ಕಾಣುತ್ತದೆ. ನಾನು ಮಾಡುವುದು ಇದು. ದೊಡ್ಡ ನಗುವಿನ ನಂತರದ ನಾಲ್ಕು ಸೆಕೆಂಡಿಗೆ ಮಾತು ಇಡುವುದಿಲ್ಲ, ಕೆಲಸ ಇಡುತ್ತೇನೆ. ಇಲ್ಲಿ ಕಳ್ಳನ ಉಗುರು ಗಂಟಿನ ಮೇಲೆ. ಒಂದು ಎಳೆ ಸಡಿಲಾಗುತ್ತದೆ. ಥಿಯೇಟರಿನವನು ನಗುತ್ತಲೇ ಅದನ್ನು ನೋಡುತ್ತಾನೆ. ಮೊಬೈಲಿನವನು ಉಸಿರು ಬಿಗಿಹಿಡಿದು ನೋಡುತ್ತಾನೆ. ಇಬ್ಬರಿಗೂ ಸರಿಹೋಗುತ್ತದೆ. ನಟನಾಗಿದ್ದ ನಿರ್ದೇಶಕನಿಗೆ ಆ ನಾಲ್ಕು ಸೆಕೆಂಡಿನಲ್ಲಿ ಹುಡುಗನ ಗಾಬರಿಯ ಮುಖ ಹಾಕುವ ಆಸೆ ತಡೆಯಲು ಆಗುವುದಿಲ್ಲ. ತಡೆಯಿರಿ. ಉಗುರೇ ಸಾಕು.

ತಾವೇ ಮುಖ್ಯ ಪಾತ್ರ ಮಾಡಬೇಕೋ ಬೇಡವೋ ಅಂತ ಕೆಲವರು ಕೇಳಿದ್ದೀರಿ. ಶಂಕರ್ ನಾಗ್ ಮಾಡಿದರು. 2017ರಲ್ಲಿ ರಾಜ್ ಬಿ. ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ಯಲ್ಲಿ ಮಾಡಿದರು. ಅದು ಥ್ರಿಲ್ಲರ್ ಅಲ್ಲ. ತಲೆಗೂದಲು ಉದುರಿದ ಕನ್ನಡ ಉಪನ್ಯಾಸಕನ ಆ ಪಾತ್ರದಲ್ಲಿ ಬೇರೆ ಯಾರನ್ನೂ ಊಹಿಸಿಕೊಳ್ಳಲು ಆಗುವುದಿಲ್ಲ. ಖೇಮು, ಪೀಲ್ ಇಬ್ಬರೂ ಮುಖ್ಯ ಪಾತ್ರವನ್ನು ಬೇರೆಯವರಿಗೆ ಬಿಟ್ಟರು. ಮೊದಲ ಥ್ರಿಲ್ಲರ್ ಮಾಡುವವರಿಗೆ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ. ಮಾನಿಟರಿನಲ್ಲಿ ತನ್ನ ಮುಖ ಇದ್ದಾಗ ನಟ ಅದನ್ನು ಬಿಟ್ಟು ಬೇರೇನೂ ನೋಡುವುದಿಲ್ಲ. ಹಿಂದೆ ಚೀಲ ತಪ್ಪು ಜಾಗದಲ್ಲಿ ಇದ್ದದ್ದು ಕಾಣುವುದೇ ಇಲ್ಲ.

ಕೊನೆಗೆ ಭಾಷೆ. ಇದು ನನಗೆ ತುಂಬಾ ಹತ್ತಿರದ ಮಾತು. ಎಷ್ಟೋ ಕನ್ನಡ ಸಿನಿಮಾಗಳಲ್ಲಿ ನಮ್ಮ ಕಡೆಯ ಮಾತಾಡುವವನು ಬಂದ ಅಂದರೆ ನಗಲು ತಯಾರಾಗಿ ಅಂತ ಅರ್ಥ. ‘ಅದ’, ‘ಬರ್ಲತ್ತೀನಿ’ ಅಂದರೆ ಸಾಕು, ಅದೇ ಜೋಕು. ನೀವು ಇಲ್ಲಿ ಕೂತು ಸಿನಿಮಾ ಮಾಡುವವರು ದಯವಿಟ್ಟು ಆ ಕೆಲಸ ಮಾಡಬೇಡಿ. ಮುತ್ಯಾನ ಮಾತು ನಗು ತಂದಿದ್ದು ಅದು ಕಲಬುರಗಿ ಮಾತು ಅಂತ ಅಲ್ಲ. ಆ ಪ್ರೀತಿ ಆ ಹೊತ್ತಿನಲ್ಲಿ ಎಷ್ಟು ಅಪಾಯ ಅಂತ ನಿಮಗೆ ಗೊತ್ತಿತ್ತು, ಅದಕ್ಕೆ. ಹುಡುಗ ಇದೇ ಭಾಷೆಯಲ್ಲಿ ಹೆದರಲಿ. ಕಳ್ಳ ಇದೇ ಭಾಷೆಯಲ್ಲಿ ಜಾಣನಾಗಿರಲಿ. ಪೊಲೀಸ್ ಅಧಿಕಾರಿ ಹೆಂಗಸಾಗಿದ್ದು, ಇದೇ ಭಾಷೆಯಲ್ಲಿ ಎಲ್ಲರಿಗಿಂತ ಮೊದಲು ಗುಟ್ಟು ಕಂಡುಹಿಡಿಯಲಿ. ನಮ್ಮ ಓಣಿಗಳಲ್ಲಿ ಒಂದೇ ವಾಕ್ಯದಲ್ಲಿ ಕನ್ನಡ, ಉರ್ದು, ಮರಾಠಿ ಓಡಾಡುತ್ತವೆ. ಥ್ರಿಲ್ಲರಿಗೆ ಅದೂ ಉಪಯೋಗ. ಇಬ್ಬರು ಉರ್ದುವಿನಲ್ಲಿ ಪಿಸುಗುಟ್ಟಿದ್ದು ಮೂರನೆಯವನಿಗೆ ಅರ್ಥವಾಗುವುದಿಲ್ಲ ಅಂದುಕೊಂಡಿರುತ್ತಾರೆ, ಅವನಿಗೆ ಪೂರ್ತಿ ಅರ್ಥವಾಗಿರುತ್ತದೆ. ಯಾರಿಗೆ ಏನು ಗೊತ್ತು ಅನ್ನುವ ಆಟವನ್ನು ಬರೀ ಭಾಷೆಯಲ್ಲೇ ಆಡಬಹುದು. ಇಂಥ ಸೌಕರ್ಯ ಬೇರೆ ಊರಿನ ಬರಹಗಾರರಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಸಿನಿಮಾ ಕೂಡಿಸಿ ಆದ ಮೇಲೆ ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿ. ನಿಮ್ಮ ತಂಡದವರಿಗೆ ಬೇಡ, ಅವರಿಗೆ ಕಥೆ ಬಾಯಿಪಾಠ. ಪಕ್ಕದ ಮನೆಯ ಕಾಕಾ, ಕಿರಾಣಿ ಅಂಗಡಿಯವರು, ಕಾಲೇಜಿನ ಹುಡುಗಿಯರು, ಹೀಗೆ ಇಪ್ಪತ್ತು ಜನ ಸಾಕು. ನೀವು ಪರದೆ ನೋಡಬೇಡಿ, ಅವರನ್ನು ನೋಡಿ. ಯಾವ ಹೊತ್ತಿಗೆ ಕೈ ಜೇಬಿನ ಮೊಬೈಲಿಗೆ ಹೋಗುತ್ತದೆ ಅಂತ ಬರೆದಿಟ್ಟುಕೊಳ್ಳಿ. ಮುಗಿದ ಮೇಲೆ ‘ಹೆಂಗಿತ್ತು?’ ಅಂತ ಕೇಳಬೇಡಿ. ನಮ್ಮ ಜನ ಮರ್ಯಾದಸ್ಥರು, ‘ಚಲೋ ಅದ’ ಅಂತಲೇ ಹೇಳುತ್ತಾರೆ. ‘ರೈಲು ಶಹಾಬಾದಿಗೆ ಬಂದಾಗ ದುಡ್ಡಿನ ಚೀಲ ಯಾರ ಹತ್ತಿರ ಇತ್ತು?’ ಅಂತ ಕೇಳಿ. ಐದು ಜನ ತಪ್ಪು ಉತ್ತರ ಕೊಟ್ಟರೆ ಮತ್ತೆ ಸಂಕಲನದ ಟೇಬಲ್ಲಿಗೆ ಬನ್ನಿ. ಮುಖದ ಶಾಟು ಒಂದನ್ನು ತೆಗೆದು ಚೀಲದ ಶಾಟು ಒಂದನ್ನು ಸೇರಿಸಿ, ಬೇರೆ ಇಪ್ಪತ್ತು ಜನರನ್ನು ಕೂರಿಸಿ ಇನ್ನೊಮ್ಮೆ ತೋರಿಸಿ.